ಏನಾದ್ರೂ ಬಂದಿದೆಯಾ ನೋಡಪ್ಪಾ

ನಾನು 31 ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನ ಹಿಂದೆ ಕೂತವನು. ತಿಂಗಳ ಮೊದಲ ವಾರ ಬಂತೆಂದರೆ ಎರಡು ಥರದ ಹಿರಿಯರು ಬರುತ್ತಿದ್ದರು. ಒಂದು ಥರ ಅಂದ್ರೆ ನಿವೃತ್ತ ಮೇಷ್ಟ್ರು, ರೈಲ್ವೆಯವರು, ಕೆಇಬಿಯವರು. ಪಾಸ್‌ಬುಕ್ಕನ್ನು ಕಿಂಡಿಯೊಳಗೆ ತಳ್ಳಿ, "ಪೆನ್ಷನ್ ಆಯ್ತೇನ್ರೀ? ಯಾಕ್ರೀ ಇಷ್ಟು ತಡ?" ಎಂದು ಇಡೀ ಬ್ರಾಂಚಿಗೆ ಕೇಳುವಂತೆ ಜೋರು ಮಾಡುತ್ತಿದ್ದರು. ಇನ್ನೊಂದು ಥರ ವೃದ್ಧಾಪ್ಯ ವೇತನದ ಅಜ್ಜಿಯರು. ಕಂಬದ ಪಕ್ಕ ನಿಂತು ಸಾಲು ಕರಗುವವರೆಗೂ ಕಾಯುತ್ತಿದ್ದರು. ಆಮೇಲೆ ಸೊಂಟದ ಚೀಲದಿಂದ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪಾಸ್‌ಬುಕ್ ತೆಗೆದು, "ಏನಾದ್ರೂ ಬಂದಿದೆಯಾ ನೋಡಪ್ಪಾ" ಎನ್ನುತ್ತಿದ್ದರು.

ಎರಡೂ ಸರ್ಕಾರದ ದುಡ್ಡೇ. ನಾನು ಎಣಿಸಿ ಕೊಡುತ್ತಿದ್ದದ್ದೂ ಒಂದೇ ಕಟ್ಟಿನಿಂದ. ಆದರೆ ಮೇಷ್ಟ್ರು ಕೇಳುತ್ತಿದ್ದದ್ದು ತಮ್ಮ ದುಡ್ಡನ್ನು. ಅಜ್ಜಿ ಕೇಳುತ್ತಿದ್ದದ್ದು ಯಾರದೋ ದಯೆಯನ್ನು.

ನಿವೃತ್ತಿ ಆದ ಮೇಲೆ ನನಗೆ 1930ರ ದಶಕದ ಅಮೆರಿಕದ ಮಹಾ ಆರ್ಥಿಕ ಕುಸಿತದ ಬಗ್ಗೆ ಓದುವ ಹುಚ್ಚು ಹಿಡಿಯಿತು. ಬ್ಯಾಂಕ್‌ಗಳು ಹೇಗೆ ಮುಳುಗಿದವು ಅಂತ ನೋಡೋಣ ಎಂದು ಶುರು ಮಾಡಿದ್ದು, ಕಸುಬಿನ ಚಾಳಿ. ಓದುತ್ತಾ ಹೋದಂತೆ ಕೌಂಟರಿನ ಆಚೆಯ ಆ ಎರಡು ದನಿಗಳೇ ಕಿವಿಯಲ್ಲಿ ಕೂತವು. ಆ ಕಾಲದ ಬಗ್ಗೆ ನಮ್ಮಲ್ಲಿ ಎರಡೇ ಮಾತು ಓಡಾಡುತ್ತವೆ. ಅಧ್ಯಕ್ಷ ರೂಸ್‌ವೆಲ್ಟ್ ದುಡ್ಡು ಸುರಿದು ದೇಶ ಎತ್ತಿದರು ಅನ್ನೋದು ಒಂದು. ದುಡ್ಡು ಹಾಳು ಮಾಡಿದರು, ಯುದ್ಧ ಬಂದದ್ದಕ್ಕೆ ಬಚಾವಾದರು ಅನ್ನೋದು ಇನ್ನೊಂದು. ಇಬ್ಬರ ಕಣ್ಣೂ ಎಷ್ಟು ಖರ್ಚಾಯಿತು ಎಂಬುದರ ಮೇಲೆ. ನನ್ನನ್ನು ಕೇಳಿದರೆ, ಹೇಗೆ ಕೊಟ್ಟರು ಅನ್ನೋದೇ ದೊಡ್ಡ ಕತೆ.

1929ರ ಅಕ್ಟೋಬರ್‌ನಲ್ಲಿ ಷೇರುಪೇಟೆ ಬಿತ್ತು. ಆದರೆ ಷೇರು ಇಟ್ಟುಕೊಂಡವರು ಎಷ್ಟು ಮಂದಿ ಇದ್ದಾರು? ಸಾಮಾನ್ಯ ಜನರ ಕುತ್ತಿಗೆ ಹಿಡಿದದ್ದು ಆಮೇಲಿನದು. ಕಾರ್ಖಾನೆಗಳು ಬಾಗಿಲು ಹಾಕಿದವು, ಬೆಳೆಗೆ ಬೆಲೆ ಹೋಯಿತು, ಮನೆಗಳು ಹರಾಜಿಗೆ ಬಂದವು. ಕೊಟ್ಟ ಸಾಲ ವಾಪಸ್ ಬಾರದೆ 1930ರಿಂದ 1933ರೊಳಗೆ ಸುಮಾರು 9,000 ಬ್ಯಾಂಕ್‌ಗಳು ಮುಳುಗಿದವು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಊರಾಚೆ ತಗಡು, ರಟ್ಟು, ಹಳೇ ಹಲಗೆಯ ಗುಡಿಸಲುಗಳು ಎದ್ದವು. ಜನ ಅವಕ್ಕೆ ಅಧ್ಯಕ್ಷರ ಹೆಸರನ್ನೇ ಇಟ್ಟು 'ಹೂವರ್‌ವಿಲ್' ಎಂದರು. ಹೊದ್ದುಕೊಳ್ಳುವ ಹಳೇ ಪೇಪರ್ ಹೂವರ್ ಕಂಬಳಿ. ಖಾಲಿ ಜೇಬನ್ನು ಹೊರಗೆ ಎಳೆದು ತೋರಿಸಿದರೆ ಹೂವರ್ ಬಾವುಟ.

ಹರ್ಬರ್ಟ್ ಹೂವರ್ ಕಲ್ಲೆದೆಯ ಮನುಷ್ಯ ಅಲ್ಲವೇ ಅಲ್ಲ. ಮೊದಲ ಮಹಾಯುದ್ಧದಲ್ಲಿ ಹಸಿದ ಬೆಲ್ಜಿಯಂಗೆ ಅನ್ನ ಮುಟ್ಟಿಸಿ ಲೋಕದಲ್ಲೇ ಹೆಸರು ಮಾಡಿದವರು. ಆದರೆ ಕೇಂದ್ರ ಸರ್ಕಾರ ನೇರವಾಗಿ ಜನರ ಕೈಗೆ ಕೊಟ್ಟರೆ ಅವರ ಸ್ವಂತ ಕಾಲಿನ ಬಲ ಹೋಗುತ್ತದೆ ಎಂದು ಗಟ್ಟಿಯಾಗಿ ನಂಬಿದ್ದರು. ರೆಡ್ ಕ್ರಾಸ್ ಇದೆ, ಧರ್ಮಸಂಸ್ಥೆಗಳಿವೆ, ಆಯಾ ಊರಿನವರಿದ್ದಾರೆ, ನೋಡಿಕೊಳ್ಳಲಿ ಎಂಬ ಲೆಕ್ಕ. 1930ರ ಬರಗಾಲದಲ್ಲಿ ಅರ್ಕಾನ್ಸಾದಂಥ ರಾಜ್ಯಗಳ ರೈತರ ದನಗಳ ಮೇವಿಗೆ, ಬೀಜಕ್ಕೆ ಸಾಲ ಕೊಡಲು ಒಪ್ಪಿದರು. ರೈತರ ಊಟಕ್ಕೆ ಒಪ್ಪಲಿಲ್ಲ. 1931ರ ಜನವರಿಯಲ್ಲಿ ಅರ್ಕಾನ್ಸಾದ ಇಂಗ್ಲೆಂಡ್ ಎಂಬ ಪುಟ್ಟ ಊರಿಗೆ (ಹೌದು, ಊರಿನ ಹೆಸರೇ ಇಂಗ್ಲೆಂಡ್) ನೂರಾರು ರೈತರು ನುಗ್ಗಿ ಊಟ ಕೊಡಿ ಎಂದು ಕೂತರು. ಎತ್ತಿಗೆ ಹುಲ್ಲು ಹಾಕಿ ಉಳುವವನನ್ನು ಉಪವಾಸ ಇಡುವುದು! ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

1932ರ ಬೇಸಿಗೆಯಲ್ಲಿ ಯುದ್ಧದ ಹಳೇ ಸೈನಿಕರು ಸಾವಿರಗಟ್ಟಲೆ ವಾಷಿಂಗ್ಟನ್‌ಗೆ ಬಂದರು. ಅವರಿಗೆ 1945ರಲ್ಲಿ ಸಿಗಬೇಕಿದ್ದ ಬೋನಸ್ಸನ್ನು ಈಗಲೇ ಕೊಡಿ ಎಂಬ ಬೇಡಿಕೆ. ಜುಲೈ 28ರಂದು ಸೈನ್ಯ ಬಂದು ಅಶ್ರುವಾಯು ಸಿಡಿಸಿ ಓಡಿಸಿತು, ಗುಡಿಸಲುಗಳು ಉರಿದವು. ಮರುವರ್ಷ ಇನ್ನೊಂದು ಗುಂಪು ಬಂತು. ಅಷ್ಟರಲ್ಲಿ ರೂಸ್‌ವೆಲ್ಟ್ ಅಧ್ಯಕ್ಷರು. ಬಂದವರಿಗೆ ಡೇರೆ, ಊಟ, ಕಾಫಿ ಸಿಕ್ಕಿತು. ಎಲಿನಾರ್ ರೂಸ್‌ವೆಲ್ಟ್ ಕೆಸರು ತುಳಿದುಕೊಂಡು ಹೋಗಿ ಅವರ ಜೊತೆ ಹಾಡೂ ಹಾಡಿ ಬಂದರು. 'ಹೂವರ್ ಸೈನ್ಯ ಕಳಿಸಿದರು, ರೂಸ್‌ವೆಲ್ಟ್ ಹೆಂಡತಿಯನ್ನು ಕಳಿಸಿದರು' ಎಂಬ ಮಾತು ಹುಟ್ಟಿದ್ದು ಆಗ. ತಮಾಷೆ ಅಂದ್ರೆ, ರೂಸ್‌ವೆಲ್ಟ್ ಕೂಡ ಬೋನಸ್ ಕೊಡಲಿಲ್ಲ. 1936ರಲ್ಲಿ ಸಂಸತ್ತು ಅವರ ಮಾತು ಮೀರಿ ಕೊಡಿಸಿತು. ಸೈನಿಕರಿಗೆ ಎರಡೂ ಸಲ ಸಿಕ್ಕ ಉತ್ತರ 'ಇಲ್ಲ' ಎಂಬುದೇ. ಹೇಳಿದ ರೀತಿ ಬೇರೆ, ಅಷ್ಟೇ.

ಈಗ ನನ್ನ ಇಷ್ಟದ ಭಾಗ, ಬ್ಯಾಂಕ್.

ರೂಸ್‌ವೆಲ್ಟ್ ಪ್ರಮಾಣ ವಚನ ತಗೊಂಡದ್ದು 1933ರ ಮಾರ್ಚ್ 4, ಶನಿವಾರ. ಅಷ್ಟು ಹೊತ್ತಿಗೆ ದೇಶದ ಬಹುತೇಕ ರಾಜ್ಯಗಳಲ್ಲಿ ಬ್ಯಾಂಕ್ ಮುಚ್ಚಿದ್ದವು, ಇಲ್ಲವೇ ದುಡ್ಡು ತೆಗೆಯಲು ಮಿತಿ ಹಾಕಿದ್ದವು. ಸೋಮವಾರ ಅವರು ಇಡೀ ದೇಶದ ಬ್ಯಾಂಕ್‌ಗಳಿಗೆ ರಜೆ ಘೋಷಿಸಿದರು. ಗುರುವಾರ ಸಂಸತ್ತಿಗೆ ಮಸೂದೆ ಬಂತು. ಕೆಳಮನೆಯಲ್ಲಿ ಎಲ್ಲರಿಗೂ ಹಂಚಲು ಪ್ರತಿಗಳೇ ಇರಲಿಲ್ಲ, ಇದ್ದ ಒಂದನ್ನು ಓದಿ ಹೇಳಿದರು. ಅದೇ ದಿನ ಪಾಸ್, ಅದೇ ರಾತ್ರಿ ಸಹಿ. ಮಾರ್ಚ್ 12ರ ಭಾನುವಾರ ರಾತ್ರಿ ರೂಸ್‌ವೆಲ್ಟ್ ರೇಡಿಯೋದಲ್ಲಿ ಕೂತು ಜನರಿಗೆ ಪಾಠ ಮಾಡಿದರು. ನೀವು ಇಟ್ಟ ದುಡ್ಡನ್ನು ಬ್ಯಾಂಕ್ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದಿಲ್ಲ, ಸಾಲ ಕೊಡುತ್ತದೆ, ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಯಾವ ಬ್ಯಾಂಕೂ ಉಳಿಯದು. ತಪಾಸಣೆ ಮಾಡಿ ಗಟ್ಟಿ ಇರುವುದನ್ನಷ್ಟೇ ತೆರೆಯುತ್ತೇವೆ. ಹಾಸಿಗೆ ಕೆಳಗೆ ಇಡುವುದಕ್ಕಿಂತ ಅಲ್ಲಿ ಇಡುವುದು ವಾಸಿ. ಇಷ್ಟೇ ಸಾರ. ಸೋಮವಾರ ಬ್ಯಾಂಕ್ ತೆರೆದಾಗ ಮತ್ತೆ ಸಾಲು. ಆದರೆ ಈ ಸಲ ದುಡ್ಡು ಕಟ್ಟಲು! ಎರಡು ವಾರದಲ್ಲಿ, ಜನ ಮನೆಯಲ್ಲಿ ಅಡಗಿಸಿಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂತು.

ಬ್ಯಾಂಕಿನಲ್ಲಿ ಇಲ್ಲದವರಿಗೆ ಇದು ಎಂಥ ಪವಾಡ ಅಂತ ಅರ್ಥವಾಗಲಿಕ್ಕಿಲ್ಲ. ನಾನು ಒಂದೇ ಒಂದು ಸಲ ಅಂಥ ದಿನ ನೋಡಿದ್ದೇನೆ. ಪಕ್ಕದ ತಾಲೂಕಿನ ಒಂದು ಸಣ್ಣ ಬ್ಯಾಂಕ್ ಬಾಗಿಲು ಹಾಕಿತು ಎಂಬ ಸುದ್ದಿ ಬಂದು, ಅದಕ್ಕೂ ನಮಗೂ ಸಂಬಂಧವೇ ಇಲ್ಲದಿದ್ದರೂ, ಹತ್ತು ಗಂಟೆಗೆಲ್ಲ ನಮ್ಮ ಬ್ರಾಂಚಿನ ಮೆಟ್ಟಿಲ ತನಕ ಜನ. ಯಾರೂ ಕೂಗುತ್ತಿರಲಿಲ್ಲ. ಅದೇ ಹೆದರಿಕೆ. ಎಫ್‌ಡಿ ಬಾಂಡ್‌ಗಳನ್ನು ಎದೆಗೆ ಒತ್ತಿ ಹಿಡಿದು ಸುಮ್ಮನೆ ನನ್ನ ಕೈಯನ್ನೇ ನೋಡುತ್ತಿದ್ದರು. ಮ್ಯಾನೇಜರ್ ಚೆಸ್ಟಿನಿಂದ ನೋಟಿನ ಬಂಡಲುಗಳನ್ನು ತರಿಸಿ ಎಲ್ಲರಿಗೂ ಕಾಣುವ ಹಾಗೆ ನನ್ನ ಪಕ್ಕ ಪೇರಿಸಿದರು. "ನಿಧಾನಕ್ಕೆ ಎಣಿಸ್ರೀ, ನಗ್ತಾ ಎಣಿಸಿ" ಎಂದರು. ಹನ್ನೆರಡೂವರೆ ಹೊತ್ತಿಗೆ ಹಿಂದಿನ ಸಾಲಿನವರು ಒಬ್ಬೊಬ್ಬರೇ ಮನೆಗೆ ಹೋದರು. ಎರಡು ಮೂರು ದಿನ ಬಿಟ್ಟು, ತೆಗೆದವರೇ ಬಂದು ಮತ್ತೆ ಕಟ್ಟಿದರು. ಸ್ವಲ್ಪ ನಾಚಿಕೊಂಡೇ.

ಆಮೇಲೆ 1933ರ ಜೂನ್‌ನಲ್ಲಿ ಠೇವಣಿ ವಿಮೆಯ ಕಾನೂನು ಬಂತು. ರೂಸ್‌ವೆಲ್ಟ್‌ಗೆ ಇದು ಮೊದಲಿಗೆ ಇಷ್ಟವೇ ಇರಲಿಲ್ಲ. ಕೆಟ್ಟ ಬ್ಯಾಂಕ್‌ಗಳ ತಪ್ಪಿಗೆ ಒಳ್ಳೇ ಬ್ಯಾಂಕ್‌ಗಳು ದಂಡ ಕಟ್ಟಬೇಕಾಗುತ್ತದೆ ಎಂಬ ಅನುಮಾನ. ಸಂಸತ್ತಿನ ಕೆಲವರು ಹಟ ಹಿಡಿದು ಸೇರಿಸಿದರು. 1934ರ ಜನವರಿ 1ರಿಂದ ಒಬ್ಬರಿಗೆ 2,500 ಡಾಲರ್ ತನಕ ರಕ್ಷಣೆ. 1933ರಲ್ಲಿ ಸುಮಾರು 4,000 ಬ್ಯಾಂಕ್ ಮುಳುಗಿದ್ದವು. 1934ರಲ್ಲಿ ವಿಮೆ ಇದ್ದ ಬ್ಯಾಂಕ್‌ಗಳಲ್ಲಿ ಮುಳುಗಿದ್ದು 9. ನ್ಯೂ ಡೀಲ್ ಎಂದು ಹೆಸರಾದ ರೂಸ್‌ವೆಲ್ಟ್ ಯೋಜನೆಗಳಲ್ಲಿ ಅತಿ ಯಶಸ್ವಿ ಕೆಲಸ ಯಾವುದು ಅಂದ್ರೆ ನಾನು ಇದನ್ನೇ ಹೇಳುತ್ತೇನೆ, ಅದೂ ಅಧ್ಯಕ್ಷರೇ ಬೇಡ ಎಂದಿದ್ದ ಕೆಲಸ. ನಮ್ಮಲ್ಲಿ ಇದು ಬಂದದ್ದು 1962ರಲ್ಲಿ, ಕೇರಳದ ಪಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ. ಆಗ 1,500 ರೂಪಾಯಿ, ಈಗ 5 ಲಕ್ಷ. ನಿಮ್ಮ ಪಾಸ್‌ಬುಕ್ಕಿನ ಮೊದಲ ಪುಟ ನೋಡಿ, ಅಲ್ಲೇ ಇರುತ್ತದೆ. ಯಾರೂ ಓದುವುದಿಲ್ಲ ಅಷ್ಟೇ.

ಬ್ಯಾಂಕ್ ಕತೆ ಜಾಸ್ತಿ ಆಯಿತು. ಹ್ಯಾರಿ ಹಾಪ್ಕಿನ್ಸ್ ಕಡೆ ಬರೋಣ.

ಈ ಮನುಷ್ಯ ಸಮಾಜಸೇವೆಯಿಂದ ಬಂದವರು. ಪರಿಹಾರದ ಇಲಾಖೆ ವಹಿಸಿಕೊಂಡಾಗ ಅವರ ಮೇಜು ಇನ್ನೂ ಹಜಾರದಲ್ಲೇ ಇತ್ತಂತೆ. ಅಲ್ಲೇ ಕೂತು ಮೊದಲ ಎರಡು ಗಂಟೆಯಲ್ಲಿ 50 ಲಕ್ಷ ಡಾಲರಿಗೂ ಮಿಕ್ಕಿ ರಾಜ್ಯಗಳಿಗೆ ಮಂಜೂರು ಮಾಡಿದರು. ದೀರ್ಘಕಾಲದಲ್ಲಿ ಎಲ್ಲ ಸರಿಹೋಗುತ್ತದೆ ಎಂದವರಿಗೆ, ಜನ ದೀರ್ಘಕಾಲದಲ್ಲಿ ಉಣ್ಣುವುದಿಲ್ಲ, ದಿನಾ ಉಣ್ಣುತ್ತಾರೆ ಎಂದರಂತೆ. ಆದರೆ ಆ ಪರಿಹಾರ ಜನರಿಗೆ ಮುಟ್ಟುತ್ತಿದ್ದ ರೀತಿ ಅವರಿಗೇ ಸರಿಬರಲಿಲ್ಲ. ಅರ್ಜಿ ಹಾಕಿದವರ ಮನೆಗೆ ತನಿಖೆಯವರು ಬರುತ್ತಿದ್ದರು. ಸಂಪಾದನೆ ಎಷ್ಟು, ನೆಂಟರಲ್ಲಿ ಯಾರಾದರೂ ಕೊಡಬಲ್ಲರಾ, ಮಾರಲು ಏನಾದರೂ ಉಳಿದಿದೆಯಾ ಎಂದು ಕೆದಕುತ್ತಿದ್ದರು. ಎಷ್ಟೋ ಕಡೆ ದುಡ್ಡಲ್ಲ, ಚೀಟಿ. ಅದನ್ನು ಅಂಗಡಿಯವನಿಗೆ ಕೊಟ್ಟು ಇಂತಿಷ್ಟೇ ಸಾಮಾನು ತಗೋಬೇಕು. ನಿನ್ನೆಯವರೆಗೆ ಲೆಕ್ಕದ ಪುಸ್ತಕದಲ್ಲಿ ಬರೆಸಿ ತಿಂಗಳಿಗೊಮ್ಮೆ ತೀರಿಸುತ್ತಿದ್ದ ಗುಮಾಸ್ತ ಇವತ್ತು ಅದೇ ಅಂಗಡಿಯಲ್ಲಿ ಚೀಟಿ ಚಾಚಿ ನಿಲ್ಲಬೇಕು. ಹಾಪ್ಕಿನ್ಸ್ ಹೇಳಿದ್ದು, ದುಡ್ಡೇ ಕೊಡಿ, ಅದೂ ಕೆಲಸ ಕೊಟ್ಟು ಕೂಲಿಯಾಗಿ ಕೊಡಿ ಅಂತ.

1933ರ ಚಳಿಗಾಲದಲ್ಲಿ ಅವರು ಎರಡು ಮೂರು ತಿಂಗಳೊಳಗೆ 40 ಲಕ್ಷಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟರು. ಕಂಪ್ಯೂಟರ್ ಇಲ್ಲ, ಆಧಾರ್ ಇಲ್ಲ. ಅಷ್ಟು ಜನರ ಕೂಲಿ ಪಟ್ಟಿ ಬರೆದವರಾರು ಎಂದು ನಾನು ಆಗಾಗ ಯೋಚಿಸುತ್ತೇನೆ. ಖರ್ಚಿಗೆ ಹೆದರಿ ರೂಸ್‌ವೆಲ್ಟ್ ಅದನ್ನು ಚಳಿ ಮುಗಿಯುತ್ತಲೇ ನಿಲ್ಲಿಸಿದರು. 1935ರಲ್ಲಿ ಡಬ್ಲ್ಯುಪಿಎ ಎಂಬ ಇನ್ನೊಂದು ರೂಪದಲ್ಲಿ ಮತ್ತೆ ಶುರುವಾಯಿತು. ಎಂಟು ವರ್ಷದಲ್ಲಿ 85 ಲಕ್ಷ ಜನ ಅದರಲ್ಲಿ ದುಡಿದರು. ಆರೂವರೆ ಲಕ್ಷ ಮೈಲಿ ರಸ್ತೆ ಮಾಡಿದರು, ಶಾಲೆ, ಸೇತುವೆ, ಉದ್ಯಾನ ಕಟ್ಟಿದರು. ಗುದ್ದಲಿಗೆ ಒರಗಿ ನಿಲ್ಲುವವರ ಪಡೆ ಅಂತ ಪೇಪರ್‌ಗಳು ವ್ಯಂಗ್ಯಚಿತ್ರ ಬರೆದವು. ನಮ್ಮ ನರೇಗಾ ಬಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಜೋಕೂ ಅದೇ, ಗುದ್ದಲಿ ಕೂಡ ಬದಲಾಗಿಲ್ಲ. ಕೆಲಸಕ್ಕೆ ಬಾರದ ಕೆಲಸ ಅಲ್ಲಿ ಇರಲಿಲ್ಲ ಎಂದು ನಾನೇನೂ ವಾದಿಸುವುದಿಲ್ಲ. ಎಲೆ ಗುಡಿಸಿ ದಿನ ಕಳೆದವರಿದ್ದರು.

ಆದರೆ ಕೆಂಟಕಿಯ ಬೆಟ್ಟದ ಹೆಂಗಸರ ಮಾತು ಕೇಳಿ. ರಸ್ತೆಯೇ ಇಲ್ಲದ ಕಣಿವೆಗಳು. ಅಲ್ಲಿನ ಮನೆಗಳಿಗೆ ಕುದುರೆ, ಹೇಸರಗತ್ತೆಯ ಮೇಲೆ ಪುಸ್ತಕ ಹೊತ್ತು ಹೋಗುವ ಕೆಲಸ. ತಿಂಗಳಿಗೆ 28 ಡಾಲರ್ ಸಂಬಳ. ಪ್ರಾಣಿ ಅವರದೇ, ಇಲ್ಲವೇ ಬಾಡಿಗೆಗೆ ತಂದದ್ದು. ಸರ್ಕಾರ ಸಂಬಳ ಮಾತ್ರ ಕೊಡುತ್ತಿತ್ತು, ಪುಸ್ತಕ ದಾನಿಗಳದು. ಹರಿದು ಹೋದ ಪತ್ರಿಕೆಗಳನ್ನು ಎಸೆಯದೆ, ಅಡುಗೆ ವಿಧಾನ, ಕೌದಿಯ ವಿನ್ಯಾಸ ಕತ್ತರಿಸಿ ಅಂಟಿಸಿ ಹೊಸ ಪುಸ್ತಕವೇ ಮಾಡುತ್ತಿದ್ದರು. ಆ ಪುಸ್ತಕಗಳಿಗೇ ಬೇಡಿಕೆ ಜಾಸ್ತಿ. ಹೊಳೆ ದಾಟಿ, ಚಳಿಯಲ್ಲಿ ಮನೆ ಬಾಗಿಲಿಗೆ ಬರುವ ಈ ಹೆಂಗಸನ್ನು ಯಾರಾದರೂ ಪರಿಹಾರ ತಿನ್ನುವವಳು ಅಂದಾರೆಯೇ? ಜನ ಅವರನ್ನು ಕರೆಯುತ್ತಿದ್ದದ್ದು 'ಪುಸ್ತಕದವರು' ಅಂತ.

ಹುಡುಗರಿಗೆ ಬೇರೆ ಯೋಜನೆ ಇತ್ತು. ಕಾಡಿನಲ್ಲಿ ಶಿಬಿರ, ಗಿಡ ನೆಡುವುದು, ಬದು ಹಾಕುವುದು, ಬೆಂಕಿ ಆರಿಸುವುದು. ತಿಂಗಳಿಗೆ 30 ಡಾಲರ್, ಅದರಲ್ಲಿ 25 ನೇರ ಮನೆಗೆ. ಒಂಬತ್ತು ವರ್ಷದಲ್ಲಿ ಸುಮಾರು 30 ಲಕ್ಷ ಹುಡುಗರು ಹೋಗಿ ಬಂದರು, 300 ಕೋಟಿ ಗಿಡ ನೆಟ್ಟರು. ಮುಂಬೈ ಹೋಟೆಲಿನಿಂದ ಮಗನ ಮನಿ ಆರ್ಡರ್ ಬಂದ ದಿನ ನಮ್ಮ ಕರಾವಳಿಯ ಮನೆಗಳು ಹೇಗಿರುತ್ತಿದ್ದವು ಅಂತ ಗೊತ್ತಿರುವವರಿಗೆ ಆ 25 ಡಾಲರಿನ ತೂಕ ಬಿಡಿಸಿ ಹೇಳಬೇಕಿಲ್ಲ.

ಎಲ್ಲವನ್ನೂ ಅಳೆದು ತೂಗಿ ಮಾಡಿದರು ಎಂದುಕೊಳ್ಳಬೇಡಿ. ಚಿನ್ನದ ಬೆಲೆಯನ್ನು ದಿನಾ ಬೆಳಗ್ಗೆ ರೂಸ್‌ವೆಲ್ಟ್ ಹಾಸಿಗೆಯಲ್ಲೇ ಕೂತು ನಿಗದಿ ಮಾಡುತ್ತಿದ್ದ ಕೆಲವು ವಾರಗಳಿದ್ದವು. ಒಂದು ದಿನ 21 ಸೆಂಟ್ ಏರಿಸಿ, ಮೂರೇಳು 21, ಅದೃಷ್ಟದ ಸಂಖ್ಯೆ ಎಂದರಂತೆ! ಜೊತೆಗಿದ್ದ, ಮುಂದೆ ಖಜಾನೆ ಮಂತ್ರಿಯಾದ ಮಾರ್ಗೆಂಥೋ ಇದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ಇನ್ನು ಕೋಳಿ ಪ್ರಕರಣ. ಉದ್ಯಮಗಳಿಗೆಲ್ಲ ನಿಯಮ ಹಾಕಲು ಎನ್‌ಆರ್‌ಎ ಎಂಬ ಸಂಸ್ಥೆ ಮಾಡಿದ್ದರು. ಕೂಲಿ ಎಷ್ಟು, ಎಷ್ಟು ಗಂಟೆ ಕೆಲಸ, ಎಲ್ಲಕ್ಕೂ ಸಂಹಿತೆ. ನಿಯಮ ಪಾಲಿಸುವ ಅಂಗಡಿಗೆ ನೀಲಿ ಹದ್ದಿನ ಚಿತ್ರ. ಬ್ರೂಕ್ಲಿನ್‌ನ ಶೆಕ್ಟರ್ ಸೋದರರು ಕೋಳಿ ವ್ಯಾಪಾರಿಗಳು. ಅವರ ಮೇಲಿನ ಆರೋಪಗಳಲ್ಲಿ ಒಂದು, ಗಿರಾಕಿಗೆ ಬೇಕಾದ ಕೋಳಿ ಆರಿಸಿಕೊಳ್ಳಲು ಬಿಟ್ಟರು ಅಂತ. ನಿಯಮದ ಪ್ರಕಾರ ಬುಟ್ಟಿಗೆ ಕೈ ಹಾಕಿದಾಗ ಸಿಕ್ಕ ಕೋಳಿಯನ್ನೇ ತಗೋಬೇಕು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಯೊಬ್ಬರು, ಕೋಳಿಗಳೆಲ್ಲ ಒಂದು ಮೂಲೆಗೆ ಹೋಗಿ ನಿಂತರೆ ಏನು ಮಾಡುವುದು ಎಂದು ಕೇಳಿ, ಕೋರ್ಟಿಗೆ ಕೋರ್ಟೇ ನಕ್ಕಿತು. 1935ರ ಮೇ 27ರಂದು ಒಂಬತ್ತಕ್ಕೆ ಒಂಬತ್ತು ಮಂದಿಯೂ ಆ ಕಾನೂನು ನಿಲ್ಲದು ಎಂದರು. ನಾಟಿ ಕೋಳಿಯ ತೊಡೆ ಮುಟ್ಟಿ, ರೆಕ್ಕೆ ಎತ್ತಿ ನೋಡದೆ ಯಾವ ಅಮ್ಮ ತಾನೇ ದುಡ್ಡು ಬಿಚ್ಚುತ್ತಾಳೆ, ಹೇಳಿ? ಇದರಲ್ಲಿ ನಾನು ಕೋಳಿ ವ್ಯಾಪಾರಿಗಳ ಪರ.

ನಗು ಇಲ್ಲಿಗೇ ಮುಗಿಯಿತು. ಬೆಲೆ ಏರಲಿ ಎಂದು 1933ರಲ್ಲಿ ಹತ್ತಿ ಬೆಳೆಯನ್ನು ನೆಲದಲ್ಲೇ ಉತ್ತು ಹಾಕಿಸಿದರು, 60 ಲಕ್ಷ ಹಂದಿಮರಿಗಳನ್ನು ಕೊಂದರು. ಜನ ಹಸಿದಿದ್ದಾಗ! ಸ್ವಲ್ಪ ಮಾಂಸ ಪರಿಹಾರಕ್ಕೆ ಹೋಯಿತು, ಎಷ್ಟೋ ಹಾಳಾಯಿತು. ಬೆಳೆ ಕಡಿಮೆ ಮಾಡಿದ್ದಕ್ಕೆ ಬಂದ ಚೆಕ್ ಭೂಮಾಲೀಕನ ಹೆಸರಿಗೆ. ಗೇಣಿಗೆ, ಪಾಲಿಗೆ ಉಳುತ್ತಿದ್ದವನಿಗೆ ಅದರಲ್ಲಿ ಪಾಲು ಸಿಗಬೇಕು ಎಂದು ಕಾಗದದಲ್ಲಿತ್ತು. ಆದದ್ದು, ಉಳುವ ಭೂಮಿ ಕಡಿಮೆಯಾಯಿತಲ್ಲ ಎಂದು ಅವನನ್ನೇ ಒಕ್ಕಲೆಬ್ಬಿಸಿದರು. 1934ರಲ್ಲಿ ಅರ್ಕಾನ್ಸಾದ ಟೈರೊಂಜಾ ಎಂಬಲ್ಲಿ ಕಪ್ಪು, ಬಿಳಿ ಗೇಣಿದಾರರು ಒಟ್ಟಿಗೆ ಕೂತು ಸಂಘ ಕಟ್ಟಿದ್ದು ಈ ಸಿಟ್ಟಿಗೆ. ಗೇಣಿ, ಒಕ್ಕಲು, ಒಡೆಯ ಎಂಬ ಮಾತುಗಳನ್ನು ಕೇಳುತ್ತ ಬೆಳೆದ ನಮಗೆ ಈ ಕತೆಗೆ ಅನುವಾದ ಬೇಡ.

ಕೆಲಸದ ಯೋಜನೆಯಲ್ಲೂ ಕೊಸರು ಇತ್ತು. ಡಬ್ಲ್ಯುಪಿಎ ಕೆಲಸ ಮನೆಗೆ ಒಂದೇ, ಹೆಚ್ಚಾಗಿ ಗಂಡಸಿಗೇ. ಬಡವ ಎಂದು ಮೊದಲು ಸಾಬೀತಾಗಬೇಕು. ಕಾಡಿನ ಶಿಬಿರಗಳಲ್ಲಿ ಕಪ್ಪು ಹುಡುಗರನ್ನು ಬೇರೆ ಇಟ್ಟರು. ಹೂವರ್ ಕಾಲದ ನಂಬಿಕೆ ಪೂರ್ತಿ ಸತ್ತಿರಲಿಲ್ಲ. 1937ರಲ್ಲಿ ದೇಶ ಎದ್ದೇಬಿಟ್ಟಿತು ಎಂದುಕೊಂಡು ಖರ್ಚು ಕಡಿದರು, ಮತ್ತೆ ಧೊಪ್ಪನೆ ಬಿದ್ದರು. ನಿರುದ್ಯೋಗ ಪೂರ್ತಿ ಕರಗಿದ್ದು ಯುದ್ಧದ ಕಾರ್ಖಾನೆಗಳು ಓಡತೊಡಗಿದ ಮೇಲೆ. ಅಷ್ಟರ ಮಟ್ಟಿಗೆ ಟೀಕಾಕಾರರ ಮಾತು ಸರಿ.

ಉಳಿದದ್ದು ಯಾವುದು? 1935ರ ಆಗಸ್ಟ್ 14ರಂದು ಸಹಿಯಾದ ಸೋಷಿಯಲ್ ಸೆಕ್ಯುರಿಟಿ ಕಾನೂನು, ಅಂದ್ರೆ ದುಡಿಯುವಾಗ ಸಂಬಳದಿಂದ ಕಟ್ಟಿ ವಯಸ್ಸಾದ ಮೇಲೆ ಪಿಂಚಣಿ ಪಡೆಯುವ ವ್ಯವಸ್ಥೆ. ಇದರ ಹಿಂದೆ ಫ್ರಾನ್ಸಿಸ್ ಪರ್ಕಿನ್ಸ್ ಇದ್ದರು, ಅಮೆರಿಕದ ಮೊದಲ ಮಹಿಳಾ ಮಂತ್ರಿ. 1911ರಲ್ಲಿ ನ್ಯೂಯಾರ್ಕಿನ ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತಾಗ, ಹುಡುಗಿಯರು ಕಿಟಕಿಯಿಂದ ಹಾರುವುದನ್ನು ಕೆಳಗೆ ನಿಂತು ಕಂಡವರು. ಸಂಬಳದಿಂದ ಕಡಿತ ಮಾಡಿ ಪಿಂಚಣಿ ಕೊಡುವುದು ಅರ್ಥಶಾಸ್ತ್ರಕ್ಕೆ ಒಗ್ಗುವುದಿಲ್ಲ, ಕಷ್ಟಕಾಲದಲ್ಲಿ ಜನರ ಜೇಬಿನಿಂದಲೇ ಕಿತ್ತಂತಾಯಿತು ಎಂದು ಆಮೇಲೆ ಒಬ್ಬರು ರೂಸ್‌ವೆಲ್ಟ್‌ಗೆ ಹೇಳಿದರು. ಅವರ ಉತ್ತರದ ಸಾರ ಇಷ್ಟು: ಇದು ಅರ್ಥಶಾಸ್ತ್ರವೇ ಅಲ್ಲ, ರಾಜಕೀಯ. ಜನ ತಾವೇ ಕಟ್ಟಿದ್ದರೆ ತಮ್ಮದು ಎಂದು ಕೇಳುತ್ತಾರೆ, ಯಾವ ಹಾಳು ರಾಜಕಾರಣಿಯೂ ಮುಂದೆ ಇದನ್ನು ಮುಟ್ಟಲಾರ. ಇದನ್ನು ಓದಿದಾಗ ನನಗೆ ನಮ್ಮ ಪೆನ್ಷನ್ ಮೇಷ್ಟ್ರ ಜೋರು ದನಿಯೇ ಕೇಳಿಸಿತು.

ಅಲ್ಲೂ ಕಂಬದ ಪಕ್ಕ ನಿಂತವರಿದ್ದರು. ಹೊಲದ ಕೂಲಿಯವರನ್ನೂ ಮನೆಗೆಲಸದವರನ್ನೂ ಕಾನೂನಿನಿಂದ ಹೊರಗಿಟ್ಟರು. ಅಂದ್ರೆ ಕಪ್ಪು ಕೆಲಸಗಾರರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೊರಗೆ. ದಕ್ಷಿಣದ ರಾಜಕಾರಣಿಗಳ ಹಟವೋ, ಅವರಿಂದ ಕಡಿತ ವಸೂಲಿ ಕಷ್ಟ ಎಂಬ ಖಜಾನೆಯವರ ರಗಳೆಯೋ, ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಯಾವುದೇ ಇರಲಿ, ಪಾತ್ರೆ ತೊಳೆಯುವವಳಿಗೆ ಪಾಸ್‌ಬುಕ್ ಸಿಗಲು 1950ರ ದಶಕ ಬರಬೇಕಾಯಿತು.

ತಿಂಗಳ ಪಿಂಚಣಿಯ ಮೊದಲ ಚೆಕ್ ಹೋದದ್ದು ವರ್ಮಾಂಟ್ ರಾಜ್ಯದ ಲಡ್ಲೋ ಊರಿನ ಐಡಾ ಮೇ ಫುಲ್ಲರ್ ಎಂಬಾಕೆಗೆ. ನಾಲ್ಕು ಚುನಾವಣೆಯಲ್ಲಿ ಒಮ್ಮೆಯೂ ರೂಸ್‌ವೆಲ್ಟ್‌ನ ಗೆಲ್ಲಿಸದ ಎರಡು ರಾಜ್ಯಗಳಲ್ಲಿ ವರ್ಮಾಂಟ್ ಒಂದು, ಅದು ಬೇರೆ ಮಾತು. ಆಕೆ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದವರು. 1939ರ ನವೆಂಬರ್‌ನಲ್ಲಿ ಏನೋ ಕೆಲಸಕ್ಕೆಂದು ರಟ್ಲಂಡ್ ಪೇಟೆಗೆ ಹೋದವರು, ದಾರಿಯಲ್ಲೇ ಇದೆಯಲ್ಲ ಎಂದು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಕಾಲಿಟ್ಟರು. ಏನೋ ಸಿಗುತ್ತದೆ ಅಂತಲ್ಲ, ಸಂಬಳದಲ್ಲಿ ಕಟ್ಟುತ್ತಿದ್ದೆನಲ್ಲ, ಅದೇನಾಯಿತು ಅಂತ ಕೇಳೋಣ ಎಂದು ಹೋದೆ, ಎಂದು ಆಮೇಲೆ ಹೇಳಿದ್ದಾರೆ. ಮೂರು ವರ್ಷದಲ್ಲಿ ಆಕೆಯ ಲೆಕ್ಕಕ್ಕೆ ಕಡಿತವಾಗಿದ್ದು 24 ಡಾಲರ್ 75 ಸೆಂಟ್. 1940ರ ಜನವರಿ 31ರ ತಾರೀಕು ಹಾಕಿ ಬಂದ ಮೊದಲ ಚೆಕ್ಕೇ 22 ಡಾಲರ್ 54 ಸೆಂಟ್. ಆಕೆ ನೂರು ವರ್ಷ ಬದುಕಿದರು, ಕೊನೆಯವರೆಗೂ ತಿಂಗಳು ತಿಂಗಳು ತಗೊಂಡರು. ಒಟ್ಟು 22,888 ಡಾಲರ್ 92 ಸೆಂಟ್.

ಲೆಕ್ಕ ಹಾಕಿದರೆ ಅದರಲ್ಲಿ ಆಕೆ ಕಟ್ಟಿದ್ದು ನೂರು ರೂಪಾಯಿಗೆ ಸುಮಾರು ಹನ್ನೊಂದು ಪೈಸೆಯಷ್ಟೇ. ಮೇಷ್ಟ್ರಿಗೆ ಇದನ್ನು ಹೇಳಿದ್ದರೆ, "ಅದೆಲ್ಲ ಇರ್ಲಿ ಕಣ್ರೀ, ಮೊದ್ಲು ನನ್ನ ಎಂಟ್ರಿ ಹಾಕಿ" ಎನ್ನುತ್ತಿದ್ದರು.